ಊರು ಅನ್ನುವ ಕಾಲಂ

ಸುಗಂಧಿಗೆ ಅಂಕಿ ಸರಿಹೊಂದದಿದ್ದರೆ ಅನ್ನ ಸೇರುವುದಿಲ್ಲ. ಹುಟ್ಟುಗುಣ, ಯಾರೇನು ಮಾಡಲಾದೀತು! ಸೆಂಟ್ರಲ್ ಲಂಡನ್ನಿನ ಒಂದು ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಅವಳ ಮೇಜು. ಏನು ಕೆಲಸ ಎಂದು ಕೇಳಿದವರಿಗೆ "ಆಫೀಸು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಒಮ್ಮೆ ಯಾವುದೋ ಮದುವೆಯ ಪಂಕ್ತಿಯಲ್ಲಿ "ಕ್ಯಾನ್ಸರ್ ಎಣಿಸುವುದು ನನ್ನ ಕೆಲಸ" ಎಂದು ನಿಜ ಹೇಳಿದ್ದಕ್ಕೆ ಪಕ್ಕದವಳು ಕೈತೊಳೆಯುವ ನೆಪದಲ್ಲಿ ಎದ್ದುಹೋಗಿ ಆಚೆಯ ಪಂಕ್ತಿಯಲ್ಲಿ ಕೂತುಬಿಟ್ಟಿದ್ದಳು. ಅಂದಿನಿಂದ ಬರೀ ಆಫೀಸು.

ಆದರೆ ಆ ಎಣಿಕೆ ಎಂದರೆ ಅವಳಿಗೆ ಪ್ರಾಣ. ಪೂರ್ವ ಆಫ್ರಿಕಾದ ಒಂದು ದೊಡ್ಡ ನಗರ. ಹೆಸರು ಹೇಳಿದರೆ ಅಲ್ಲಿನ ಗುಮಾಸ್ತರು ಮುನಿಸಿಕೊಂಡಾರು, ಬೇಡ ಬಿಡಿ. ಆ ನಗರದ ದೊಡ್ಡಾಸ್ಪತ್ರೆಯಲ್ಲಿ ಐದು ವರ್ಷಗಳಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರ ಕಾರ್ಡುಗಳೆಲ್ಲ ಸ್ಕ್ಯಾನ್ ಆಗಿ ಅವಳ ಕಂಪ್ಯೂಟರಿಗೆ ಬಂದಿದ್ದವು. ಹೆಸರಿಲ್ಲ, ನಂಬರು ಮಾತ್ರ. ಯಾವ ಕ್ಯಾನ್ಸರು, ಎಷ್ಟು ವಯಸ್ಸು, ನಗರದವರೋ ಹೊರಗಿನವರೋ ಎಂದು ಒಂದೊಂದೇ ಕಾರ್ಡು ಓದಿ ವಿಂಗಡಿಸುವುದು ಅವಳ ಪಾಲಿನ ಕೆಲಸ. ನಗರದ ಜನರಲ್ಲಿ ರೋಗ ಎಷ್ಟಿದೆ ಎಂದು ತಿಳಿಯಬೇಕಾದರೆ ನಗರದಲ್ಲಿ ಬದುಕುವವರನ್ನು ಮಾತ್ರ ಎಣಿಸಬೇಕು. ಚಿಕಿತ್ಸೆಗೆಂದು ದೂರದಿಂದ ಬಂದವರನ್ನು ಬಿಡಬೇಕು. ಕಾರ್ಡಿನ ಮುಂಬದಿಯಲ್ಲಿ 'ಹೋಮ್' ಎಂಬ ಕಾಲಂ ಇತ್ತು. ಅಲ್ಲಿ ನಗರದ ಹೆಸರಿದ್ದರೆ ಒಳಗೆ, ಬೇರೆ ಹೆಸರಿದ್ದರೆ ಹೊರಗೆ. ಎರಡು ವರ್ಷ ಸುಗಂಧಿ ಹಾಗೆಯೇ ಮಾಡಿದ್ದಳು, ಒಂದು ಕಾರ್ಡೂ ಬಿಟ್ಟುಹೋಗದಂತೆ.

ಈಗ ಎಣಿಕೆ ಮುಗಿದಿತ್ತು, ಮುಗಿದು ಎಡವಟ್ಟಾಗಿತ್ತು. ಸ್ತನ ಕ್ಯಾನ್ಸರಿನ ಕಾರ್ಡುಗಳು ಒಟ್ಟು ಸಾವಿರದ ಎಂಟುನೂರ ನಲವತ್ತು. ಅವುಗಳಲ್ಲಿ ನಗರದವರದು ಏಳುನೂರ ಹತ್ತು ಮಾತ್ರ. ಉಳಿದ ಸಾವಿರದ ನೂರ ಮೂವತ್ತು ಜನ ಹೊರಗಿನವರು! ಅಷ್ಟು ದೊಡ್ಡ ನಗರದಲ್ಲಿ ಹೆಂಗಸರು ಇಷ್ಟು ಆರೋಗ್ಯವಾಗಿದ್ದಾರೆ ಎಂದರೆ ಸಂತೋಷಪಡಬೇಕಾದ್ದೇ, ನಿಜವಾಗಿದ್ದರೆ.

"ನಿಜ ಅಲ್ಲ, ಸುಗಂಧಿ," ಎನ್ನುತ್ತಿದ್ದಳು ಅಕಿನ್ಯಿ. ಅವಳು ಅದೇ ನಗರದ ಡಾಕ್ಟರು, ಮೂವತ್ತೆಂಟರ ಹೆಣ್ಣುಮಗಳು, ಈ ಕೆಲಸಕ್ಕೆಂದೇ ಲಂಡನ್ನಿಗೆ ಬಂದವಳು. ಅವಳ ಇಂಗ್ಲಿಷು ಸುಗಂಧಿಯ ಕಿವಿಗೆ ಅದು ಹೇಗೋ ಕನ್ನಡವಾಗಿಯೇ ಕೇಳಿಸುತ್ತಿತ್ತು. "ನಮ್ಮ ಓಣಿಗಳಲ್ಲಿ ನಾನು ಕಣ್ಣಾರೆ ಕಂಡಿದ್ದೀನಿ. ಗಂಟು ನಿಂಬೆಹಣ್ಣಿನಷ್ಟಾದ ಮೇಲೆ ಬರ್ತಾರೆ. ಆದರೆ ಕಂಡದ್ದನ್ನ ಕಮಿಟಿ ಕೇಳಲ್ಲ. ಅಂಕಿ ತೋರಿಸು ಅನ್ನುತ್ತೆ."

ಕಮಿಟಿ ಎಂದರೆ ಒಂದು ದತ್ತಿ ಸಂಸ್ಥೆಯದು. ಓಣಿ ಓಣಿಗೆ ಹೋಗಿ ಹೆಂಗಸರ ತಪಾಸಣೆ ಮಾಡುವ ಎರಡು ವ್ಯಾನುಗಳು ಅದರ ಕೈಯಲ್ಲಿದ್ದವು. ರೋಗ ಹೆಚ್ಚಿರುವ ನಗರಕ್ಕೆ ವ್ಯಾನು ಎಂದು ಅವರ ನಿಯಮ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತೀರ್ಮಾನ. ಆಗಲೇ ಕಳಿಸಿದ್ದ ಏಳುನೂರ ಹತ್ತೇ ನಿಂತರೆ ವ್ಯಾನು ಬೇರೆಲ್ಲಿಗೋ ಹೋಗುತ್ತದೆ, ನಿಂಬೆಹಣ್ಣಿನಷ್ಟು ಗಂಟುಗಳು ಅಲ್ಲೇ ಉಳಿಯುತ್ತವೆ.

ಶುಕ್ರವಾರದಿಂದ ಸುಗಂಧಿಗೆ ಊಟ ಸೇರಲಿಲ್ಲ. ಅವಳ ಗಂಡ ಗಣಪಯ್ಯ ಲಂಡನ್ನಿನ ಅಂಚಿನ ರೇನರ್ಸ್ ಲೇನಿನಲ್ಲಿ ಉಡುಪಿ ಹೋಟೆಲು ನಡೆಸುವವನು. ಕೈಯಾರೆ ಬಡಿಸಿದ ಅನ್ನ ತಟ್ಟೆಯಲ್ಲಿ ಉಳಿದರೆ ಅವನಿಗೆ ಅವಮಾನ.

"ಎಂತ ಮಾರಾಯ್ತಿ, ಸಾರಿಗೆ ಉಪ್ಪ್ ಜಾಸ್ತಿ ಆಯ್ತಾ?"

"ಸಾರ್ ಸಮಾ ಇತ್ತ್. ನನ್ ಲೆಕ್ಕವೇ ಸಮಾ ಇಲ್ಲ."

"ಅಮ್ಮಾ, ಜಸ್ಟ್ ಈಟ್," ಎಂದಳು ಮಗಳು ನವ್ಯಶ್ರೀ, ಫೋನಿನಿಂದ ಕಣ್ಣೆತ್ತದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಬಂದರೆ ಕೆಲಸ ಹೇಳುತ್ತಾರೆಂಬ ಭಯವೋ ಏನೋ.

ಭಾನುವಾರ ಕಿಂಗ್ಸ್‌ಬರಿಯ ಹಾಲಿನಲ್ಲಿ ಕನ್ನಡ ಬಳಗದ ಸಂಕ್ರಾಂತಿ. ಹೋಗಲು ಸುಗಂಧಿಗೆ ಮನಸ್ಸಿರಲಿಲ್ಲ. ಗಣಪಯ್ಯ ಎಳೆದುಕೊಂಡೇ ಹೋದ. ಅಲ್ಲಿ ಹೋದರೆ ಬಳಗದ ಅಧ್ಯಕ್ಷರಾದ ಡಾಕ್ಟರ್ ಅಶ್ವತ್ಥನಾರಾಯಣ ತಲೆಯ ಮೇಲೆ ಕೈಹೊತ್ತು ನಿಂತಿದ್ದಾರೆ. ಮೈಸೂರಿನವರು, ಪಿನ್ನರ್‌ನಲ್ಲಿ ಮನೆ. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಬಳಗವೇ ಅವರ ವಾರ್ಡು, ನಾವೆಲ್ಲ ಅವರ ರೋಗಿಗಳು. ಹಬ್ಬಕ್ಕೆ ಬರಲಾಗದವರ ಮನೆಗೂ ಎಳ್ಳುಬೆಲ್ಲ ತಲುಪಿಸಬೇಕೆಂದು ಆ ವರ್ಷ ಅವರ ಹಟ. ಅದಕ್ಕಾಗಿ ಎಲ್ಲರಿಂದ ಒಂದು ಫಾರಂ ತುಂಬಿಸಿಕೊಂಡಿದ್ದರು: ಹೆಸರು, ಊರು, ಎಷ್ಟು ಪೊಟ್ಟಣ. ಊರಿನ ಪ್ರಕಾರ ಪೊಟ್ಟಣ ವಿಂಗಡಿಸಿ ಕಾರಿನವರಿಗೆ ಹಂಚುವುದು ಅವರ ಯೋಜನೆ.

"ಏನ್ರೀ ಇದು, ಸುಗಂಧಿಯವ್ರೇ! ಎಂಬತ್ನಾಲ್ಕು ಫಾರಂ. ಇದ್ನ ತಗೊಂಡು ನಾನೇನ್ ಮಾಡ್ಲಿ, ಹೇಳಿ?" ಎಂದು ಕಟ್ಟು ಅವಳ ಕೈಗಿಟ್ಟರು.

ಸುಗಂಧಿ ಓದಿದಳು. ಊರು: ಧಾರವಾಡ. ಊರು: ಕುಂದಾಪುರ. ಊರು: ಧಾರವಾಡ, ಮಾಳಮಡ್ಡಿ. ಊರು: ಮೈಸೂರು, ಅದರ ಪಕ್ಕದಲ್ಲಿ ಕಂಸದೊಳಗೆ ಒಂಟಿಕೊಪ್ಪಲು. ಊರು: ಉಡುಪಿ. ಯಾರೋ ಪುಣ್ಯಾತ್ಮರು ಪಿನ್‌ಕೋಡು ಸಮೇತ ಬರೆದಿದ್ದರು, ಅದೂ ಕರ್ನಾಟಕದ್ದು. ಹಾಳೆ ತಿರುಗಿಸಿದರೆ ಗಣಪಯ್ಯನದೇ ಕೈಬರಹ, ದುಂಡಗೆ: ಕೋಟೇಶ್ವರ.

"ಹ್ವಾಯ್, ಇಲ್ ಕಾಣಿ! ನೀವ್ ಇಪ್ಪುದ್ ಎಲ್ಲಿ?"

"ಇದೆಂತ ಪ್ರಶ್ನೆ! ರೇನರ್ಸ್ ಲೇನಂಗೆ. ಇಪ್ಪತ್ತೆರಡ್ ವರ್ಷ ಆಯ್ತ್."

"ಮತ್ತೆ ಕೋಟೇಶ್ವರ ಅಂದ್ ಬರ್ದದ್ ಎಂತಕೆ?"

"ಊರ್ ಅಂದ್ ಕೇಂಡಿದ್ರಲೆ!" ಗಣಪಯ್ಯನಿಗೆ ನಿಜಕ್ಕೂ ಆಶ್ಚರ್ಯ. "ಮನೆ ಎಲ್ಲಿ ಅಂದ್ ಕೇಂಡ್ರೆ ರೇನರ್ಸ್ ಲೇನ್ ಅಂದ್ ಬರೀತಿದ್ದೆ."

ಅಶ್ವತ್ಥನಾರಾಯಣರು ಕನ್ನಡಕ ತೆಗೆದು ಹಣೆ ಒರೆಸಿಕೊಂಡು, ಇಡೀ ಹಾಲಿಗೆ ಕೇಳುವಂತೆ ಘೋಷಿಸಿದರು: "ಸ್ವಾಮಿ, ಈ ಫಾರಂ ಪ್ರಕಾರ ಲಂಡನ್ನಲ್ಲಿ ಕನ್ನಡದವರೇ ಇಲ್ಲ! ನಾವ್ಯಾರೂ ಇಲ್ಲಿಲ್ಲ! ಎಳ್ಳುಬೆಲ್ಲನ ನಾನೇ ತಿಂದು ಮಲ್ಕೋತೀನಿ!"

ಹಾಲಿಗೆ ಹಾಲೇ ನಕ್ಕಿತು. ಸುಗಂಧಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತಲೇ ತಟ್ಟನೆ ಬಾಯಿ ಮುಚ್ಚಿಕೊಂಡಳು. ಕಟ್ಟು ಕೈಯಲ್ಲೇ ಇತ್ತು. ಸಾವಿರದ ನೂರ ಮೂವತ್ತು ಹೆಂಗಸರು ಹೊರಗಿನವರು. ಯಾರು ಹೇಳಿದ್ದು? ಅವರೇ ಹೇಳಿದ್ದು. ಹೋಮ್ ಯಾವುದು ಎಂದು ಕೇಳಿದ್ದಕ್ಕೆ ಹೇಳಿದ್ದು.

"ಅಯ್ಯೋ ನನ್ನ ಬುದ್ಧಿಯೇ," ಎಂದಳು ಸುಗಂಧಿ, "ಎರಡು ವರ್ಷ ಮಣ್ಣು ತಿಂತಿದ್ಯಾ?"

ಅಲ್ಲಿಂದಲೇ ಅಕಿನ್ಯಿಗೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಮಕ್ಕಳು ಕಬ್ಬಿನ ಜಲ್ಲೆಗೆ ಕಿತ್ತಾಡುತ್ತಿದ್ದರು. "ಅಕಿನ್ಯಿ, ನಿಮ್ಮಲ್ಲಿ ಒಬ್ಬ ಹೆಂಗಸು ಮೂವತ್ತು ವರ್ಷ ನಗರದಲ್ಲೇ ಇದ್ದಾಳೆ ಅಂತಿಟ್ಟುಕೋ. ಹೋಮ್ ಎಲ್ಲಿ ಅಂದರೆ ಏನು ಹೇಳ್ತಾಳೆ?"

ಅಕಿನ್ಯಿ ನಿಧಾನವಾಗಿ ಹೇಳಿದಳು: "ದಾಲಾ. ನಮ್ಮ ಭಾಷೆಯಲ್ಲಿ ಹೋಮ್ ಅಂದರೆ ದಾಲಾ. ಅಪ್ಪ ಅಜ್ಜ ಮಣ್ಣಾದ ಜಾಗ. ನಗರದಲ್ಲಿರೋದು ಬರೀ ಮನೆ, ಅದನ್ನ ಯಾರೂ ಹೋಮ್ ಅನ್ನಲ್ಲ. ಅಯ್ಯೋ ದೇವರೇ! ಸುಗಂಧಿ, ನಿನಗೆ ಇದು ಹೇಗೆ ಹೊಳೀತು?"

"ಎಳ್ಳುಬೆಲ್ಲದಿಂದ. ನಾಳೆ ತಂದುಕೊಡ್ತೀನಿ, ತಿನ್ನುವಿಯಂತೆ."

ಹೊಳೆದದ್ದೇನೋ ಹೊಳೆಯಿತು, ಸಾಕ್ಷಿ ಎಲ್ಲಿ? ಕಮಿಟಿಯ ಮುಂದೆ ಎಳ್ಳುಬೆಲ್ಲ ಇಟ್ಟರೆ ಆಗುತ್ತದೆಯೇ? ಸೋಮವಾರ ಬೆಳಿಗ್ಗೆ ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಸೀಟು ಸಿಕ್ಕರೂ ಕೂರದೆ ಸುಗಂಧಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಆಫೀಸಿಗೆ ಹೋದವಳೇ ಕಾರ್ಡುಗಳ ಹಿಂಬದಿ ತೆರೆದಳು. ಎರಡು ವರ್ಷದಲ್ಲಿ ಅದನ್ನವಳು ಓದಿರಲಿಲ್ಲ. ಮುಂಬದಿ ಸಾಕು ಎಂದು ಕೈಪಿಡಿಯಲ್ಲಿತ್ತು. ಹಿಂಬದಿಯಲ್ಲಿ ಆಸ್ಪತ್ರೆಯವರು ಚಿಕಿತ್ಸೆಯ ವೇಳೆ ಗೊತ್ತುಮಾಡಲು ಎರಡು ಪ್ರಶ್ನೆ ಕೇಳಿ ಬರೆದುಕೊಂಡಿದ್ದರು: ಮನೆಯಿಂದ ಹೇಗೆ ಬಂದಿರಿ, ಎಷ್ಟು ಹೊತ್ತು ಹಿಡಿಯಿತು.

ಮೊದಲನೆಯ ಕಾರ್ಡು. ಹೋಮ್: ನಾನೂರು ಕಿಲೋಮೀಟರ್ ಆಚೆಯ ಬೆಟ್ಟದ ಹಳ್ಳಿ. ಬಂದದ್ದು: ನಡೆದು. ಹೊತ್ತು: ಮೂವತ್ತು ನಿಮಿಷ.

"ನಾನೂರು ಕಿಲೋಮೀಟರ್ ಅರ್ಧ ಗಂಟೆಯಲ್ಲಿ!" ಸುಗಂಧಿ ಕುರ್ಚಿಯಿಂದ ಎದ್ದೇಬಿಟ್ಟಳು. "ನಮ್ಮ ಹನುಮಂತನೂ ಇಷ್ಟು ಬೇಗ ಬರ್ತಿರಲಿಲ್ಲ, ಅಕಿನ್ಯಿ!"

ಹನುಮಂತ ಯಾರೆಂದು ವಿವರಿಸಬೇಕಾಯಿತು. ಅಕಿನ್ಯಿ ಕೇಳಿ, ಮೇಜು ಬಡಿದು ನಕ್ಕಳು. ಆಮೇಲೆ ಮೂರು ದಿನ ಆ ನೆಲಮಾಳಿಗೆಯಲ್ಲಿ ಇದೇ ಆಟ. ಒಬ್ಬಳು ಓದುವುದು, ಇನ್ನೊಬ್ಬಳು ಪರೀಕ್ಷಿಸುವುದು. ಸರೋವರದ ದಡದ ಹಳ್ಳಿ, ಸಿಟಿ ಬಸ್ಸು, ಇಪ್ಪತ್ತೈದು ನಿಮಿಷ: "ಹನುಮಂತ!" ಗಡಿಯಾಚೆಯ ಪಟ್ಟಣ, ತಮ್ಮನ ಸೈಕಲ್ಲು, ಹದಿನೈದು ನಿಮಿಷ: "ಹನುಮಂತನ ಅಕ್ಕ!" ನಡುನಡುವೆ ಹಳ್ಳಿ, ದೂರದ ಬಸ್ಸು, ಎರಡು ದಿನ ಎಂದೂ ಬರುತ್ತಿತ್ತು. ಆಗ ಇಬ್ಬರೂ ನಗು ನಿಲ್ಲಿಸಿ, ಅವಳನ್ನು ಹೊರಗಿನವಳೆಂದೇ ಉಳಿಸಿ, ಸುಮ್ಮನೆ ಮುಂದಿನ ಕಾರ್ಡಿಗೆ ಹೋಗುತ್ತಿದ್ದರು. ಹಿಂಬದಿ ಖಾಲಿ ಇದ್ದವನ್ನು ಬೇರೆಯಾಗಿ ಇಟ್ಟರು. ಇಷ್ಟವಾದ ಉತ್ತರವನ್ನು ತಾನೇ ತುಂಬಿಕೊಳ್ಳುವ ಜಾತಿಯವಳಲ್ಲ ಸುಗಂಧಿ.

ಬುಧವಾರ ಸಂಜೆ ಮೊತ್ತ ಬಂತು. ಸಾವಿರದ ನೂರ ಮೂವತ್ತರಲ್ಲಿ ಆರುನೂರ ನಲವತ್ತು ಜನ ನಗರದಲ್ಲೇ ಬದುಕಿದವರು. ನಿಜವಾಗಿ ಹೊರಗಿನವರು ಮುನ್ನೂರ ತೊಂಬತ್ತು. ಖಾಲಿ, ನೂರು. ನಗರದ ಎಣಿಕೆ ಏಳುನೂರ ಹತ್ತರಿಂದ ಸಾವಿರದ ಮುನ್ನೂರ ಐವತ್ತಕ್ಕೆ ಏರಿತು. ಇಬ್ಬರೂ ತಬ್ಬಿಕೊಂಡು ಕುಣಿದರು. ಕುಣಿದ ಮೇಲೆ ಅಕಿನ್ಯಿ ತಟಕ್ಕನೆ ಕೂತಳು.

"ಕ್ಯಾನ್ಸರ್ ಜಾಸ್ತಿ ಆಯ್ತು ಅಂತ ಕುಣೀತಿದ್ದೀವಲ್ಲ, ನಮಗೆ ಹುಚ್ಚಾ?"

"ಜಾಸ್ತಿ ಎಲ್ಲಾಯ್ತು?" ಎಂದಳು ಸುಗಂಧಿ. "ಅಷ್ಟೂ ಜನ ಅಲ್ಲೇ ಇದ್ದರು. ಈಗ ನಮ್ಮ ಕಣ್ಣಿಗೆ ಬಿದ್ದರು. ಕುಣಿ ನೀನು."

ಗುರುವಾರ ಕಮಿಟಿಯಲ್ಲಿ ಐದು ಜನ. ಅಕಿನ್ಯಿ ಮಾತಾಡುವುದೆಂದೂ, ಸುಗಂಧಿ ಲ್ಯಾಪ್‌ಟಾಪಿನ ಹಿಂದೆ ಕೂತು ಪುಟ ತಿರುಗಿಸುವುದೆಂದೂ ಒಪ್ಪಂದವಾಗಿತ್ತು. ಅಕಿನ್ಯಿ ಚೆನ್ನಾಗಿಯೇ ಹೇಳಿದಳು. ಆದರೆ ಮೂಲೆಯಲ್ಲಿದ್ದ ಕೆಂಪು ಟೈಯವರಿಗೆ ಸಮಾಧಾನವಿಲ್ಲ.

"ಹೋದ ವಾರ ಏಳುನೂರ ಹತ್ತು ಅಂತ ಕಳಿಸಿದಿರಿ. ಈ ವಾರ ಸಾವಿರದ ಮುನ್ನೂರ ಐವತ್ತು. ವ್ಯಾನು ಬೇಕು ಅಂತ ಅಂಕಿ ಬೆಳೆದ ಹಾಗೆ ಕಾಣುತ್ತೆ. ಸ್ವಂತ ಮನೆ ಎಲ್ಲಿದೆ ಅಂತ ಜನಕ್ಕೆ ಗೊತ್ತಿರಲ್ವಾ?"

ಅಕಿನ್ಯಿಯ ಮುಖ ಬಾಡಿತು. ಆ ಏಳುನೂರ ಹತ್ತು ಸುಗಂಧಿಯದೇ ಕೈಕೆಲಸ. ಇವತ್ತು ಸುಮ್ಮನಿದ್ದರೆ ವ್ಯಾನು ಹೋದ ಹಾಗೆಯೇ. ಅವಳು ಎದ್ದು ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಮೀಟಿಂಗಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ಸರ್, ತಪ್ಪು ತಿಳಿಯಬೇಡಿ. ನಿಮ್ಮ ಹೋಮ್ ಎಲ್ಲಿ?"

"ನನ್ನದಾ? ಐರ್ಲೆಂಡಿನ ಸ್ಲೈಗೋ," ಎಂದರು ಅವರು, ಮುಖ ಕೊಂಚ ಅರಳಿತು. "ಸಮುದ್ರದ ಪಕ್ಕ."

"ಮೇಡಂ ನಿಮ್ಮದು?"

"ಲೀಡ್ಸ್," ಎಂದರು ಬಿಳಿಗೂದಲಿನ ಅಧ್ಯಕ್ಷೆ. ಪಕ್ಕದವರು ಲಾಹೋರ್ ಎಂದರು. ಇನ್ನೊಬ್ಬರು ವೇಲ್ಸಿನ ಒಂದು ಹಳ್ಳಿಯ ಹೆಸರು ಹೇಳಿದರು, ಅದನ್ನು ಸುಗಂಧಿ ಇವತ್ತಿಗೂ ಉಚ್ಚರಿಸಲಾರಳು. ಐದನೆಯವರು ತಮ್ಮದು ಜಮೈಕಾ ಎಂದು ಹೆಮ್ಮೆಯಿಂದ ಹೇಳಿದರು.

ಸುಗಂಧಿ ಮತ್ತೆ ಕೆಂಪು ಟೈಯವರ ಕಡೆ ತಿರುಗಿದಳು. "ಸರ್, ಇವತ್ತು ಬೆಳಿಗ್ಗೆ ಮನೆಯಿಂದ ಇಲ್ಲಿಗೆ ಬರೋಕೆ ನಿಮಗೆ ಎಷ್ಟು ಹೊತ್ತು ಬೇಕಾಯಿತು?"

"ಟ್ಯೂಬ್ ರೈಲಲ್ಲಿ ಇಪ್ಪತ್ತು ನಿಮಿ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಅಧ್ಯಕ್ಷೆ ಮೊದಲು ನಕ್ಕರು. ಆಮೇಲೆ ಲಾಹೋರಿನವರು, ಜಮೈಕಾದವರು. ಕೊನೆಗೆ ಸ್ಲೈಗೋದವರೂ ಟೈ ಸಡಿಲಿಸಿಕೊಂಡು ನಕ್ಕರು. ನಕ್ಕು ಮುಗಿಸಿ, ಆರುನೂರ ನಲವತ್ತು ಕಾರ್ಡುಗಳಲ್ಲಿ ತಮಗೆ ಬೇಕಾದ ಮೂವತ್ತನ್ನು ತಾವೇ ಆರಿಸಿ ಹಿಂಬದಿ ತೋರಿಸಿ ಎಂದರು. ತೋರಿಸಿದಳು. ಮೂವತ್ತೂ ಸರಿಯಿದ್ದವು. ಖಾಲಿ ನೂರನ್ನು ಸೇರಿಸಿಕೊಂಡಿಲ್ಲ ಎಂಬುದೇ ಅವರಿಗೆ ಎಲ್ಲಕ್ಕಿಂತ ಹಿಡಿಸಿತು. ಮಧ್ಯಾಹ್ನ ಒಂದರ ಹೊತ್ತಿಗೆ ಎರಡೂ ವ್ಯಾನು ಅಕಿನ್ಯಿಯ ನಗರಕ್ಕೆ ಎಂದು ತೀರ್ಮಾನವಾಯಿತು, ಒಂದು ಷರತ್ತಿನ ಮೇಲೆ: ಕಾರ್ಡಿನ ಪ್ರಶ್ನೆ ಬದಲಾಗಬೇಕು, ಹೊಸ ಪ್ರಶ್ನೆಯನ್ನು ಸುಗಂಧಿಯೇ ಬರೆಯಬೇಕು.

ಅವಳು ಅಲ್ಲೇ, ನಿಂತ ಕಾಲಲ್ಲೇ ಬರೆದುಕೊಟ್ಟಳು: ಕಳೆದ ಒಂದು ವರ್ಷ ನೀವು ಮಲಗಿ ಎದ್ದದ್ದು ಯಾವ ಓಣಿಯಲ್ಲಿ?

ಗಣಪಯ್ಯನಿಗೆ ಫೋನು ಹೋಯಿತು. "ಇಬ್ರೂ ಸೀದಾ ಹೋಟ್ಲಿಗೇ ಬನ್ನಿ. ಮಸಾಲೆ ದೋಸೆ ಹಾಕ್ತೆ, ಹೊಟ್ಟೆ ಬಿರಿವಷ್ಟು ತಿನ್ಕ್!" ಎಂದು ಅವನು ಆ ಕಡೆಯಿಂದ ಕೂಗಿದ್ದು ಅಕಿನ್ಯಿಗೂ ಕೇಳಿಸಿತು. ಲ್ಯಾಪ್‌ಟಾಪು ಇಟ್ಟು ಹೊರಡೋಣ ಎಂದು ಇಬ್ಬರೂ ನೆಲಮಾಳಿಗೆಗೆ ಇಳಿದರು. ಸುಗಂಧಿ ಕೋಟು ಹಾಕಿಕೊಳ್ಳುತ್ತಿದ್ದಳು. ಅಕಿನ್ಯಿ ಕೋಟಿಗೆ ಕೈಹಾಕಲಿಲ್ಲ. ತನ್ನ ಚೀಲದ ಒಳಜೇಬಿನಿಂದ, ಮಡಿಸಿ ಮಡಿಸಿ ಮೆತ್ತಗಾದ ಒಂದು ಆಸ್ಪತ್ರೆಯ ಚೀಟಿ ತೆಗೆದಳು.

"ಸುಗಂಧಿ, ಇಷ್ಟು ದಿನ ಕೇಳಲಿಲ್ಲ. ಕೇಳೋದು ಸರಿಯಲ್ಲ ಅಂತ ಸುಮ್ಮನಿದ್ದೆ. ಈಗ ಕಮಿಟಿ ಮುಗೀತು. ಈ ನಂಬರು ಎಲ್ಲಿದೆ ನೋಡ್ತೀಯಾ?"

ಸುಗಂಧಿ ನಂಬರು ಹಾಕಿದಳು. ಖಾಲಿ ನೂರರಲ್ಲಿ ಒಂದು. ವಯಸ್ಸು ಐವತ್ತೆಂಟು. ಹೋಮ್: ಸರೋವರದ ದಡದ ಒಂದು ಹಳ್ಳಿ. ಹಿಂಬದಿಯಲ್ಲಿ ಹೇಗೆ ಬಂದಿರಿ ಎಂಬಲ್ಲಿ ಏನೂ ಇಲ್ಲ. ಎಲ್ಲಕ್ಕೂ ಕೆಳಗೆ, ಮಾಹಿತಿ ಕೊಟ್ಟವರು ಎಂಬಲ್ಲಿ, ಒಂದೇ ಪದ: ಮಗಳು.

"ನಮ್ಮಮ್ಮ," ಎಂದಳು ಅಕಿನ್ಯಿ.

ಸುಗಂಧಿ ಅವಳ ಕಡೆ ತಿರುಗಿದಳು. "ಅಯ್ಯೋ ಅಕಿನ್ಯಿ! ಇವರನ್ನ ಹೊರಗೆ ಹಾಕಿದ್ದು ನಾನು."

"ನೀನಲ್ಲ. ಕೌಂಟರಿನಲ್ಲಿ ನಿಂತು ಉತ್ತರ ಹೇಳಿದ್ದು ಯಾರು? ನಾನೇ! ಆಗಲೇ ಡಾಕ್ಟರು, ದೊಡ್ಡ ಬುದ್ಧಿವಂತೆ. ಹೋಮ್ ಯಾವುದು ಅಂದ ಗುಮಾಸ್ತ. ದಾಲಾದ ಹೆಸರು ಹೇಳಿದೆ. ಅಮ್ಮ ಪಕ್ಕದಲ್ಲಿ ನಿಂತು ಹೌದು ಹೌದು ಅಂದಳು, ಎಷ್ಟು ಖುಷಿಯಿಂದ ಅಂದಳು ಗೊತ್ತಾ? ಮೂವತ್ತೊಂದು ವರ್ಷ ಆ ನಗರದಲ್ಲಿ ಮೀನು ಮಾರಿದವಳು." ಅಕಿನ್ಯಿ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಸುಗಂಧಿಗೂ ಕಣ್ಣು ತುಂಬಿತು.

ಬಿಟ್ಟುಹೋದ ಉತ್ತರವನ್ನು ಮಾಹಿತಿ ಕೊಟ್ಟವರನ್ನೇ ಕೇಳಿ ತುಂಬಬಹುದು ಎಂದು ನಿಯಮವಿತ್ತು. ಸುಗಂಧಿ ಕೋಟು ತೆಗೆದು ಕುರ್ಚಿಗೆ ಹಾಕಿದಳು. ಕಣ್ಣೊರೆಸಿ, ಕನ್ನಡಕ ಏರಿಸಿ, ನೆಟ್ಟಗೆ ಕೂತಳು.

"ಕೊನೆಯ ಒಂದು ವರ್ಷ ನಿಮ್ಮ ತಾಯಿ ಮಲಗಿ ಎದ್ದದ್ದು ಯಾವ ಓಣಿಯಲ್ಲಿ?"

ಅಕಿನ್ಯಿಯೂ ನೆಟ್ಟಗಾದಳು. "ಮೀನು ಮಾರ್ಕೆಟ್ಟಿನ ಹಿಂದಿನ ಓಣಿ. ಮೂರನೇ ಮನೆ."

"ಆಸ್ಪತ್ರೆಗೆ ಬಂದದ್ದು ಹೇಗೆ?"

"ನಡೆದು."

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷದ ದಾರಿ," ಎಂದಳು ಅಕಿನ್ಯಿ. ಆಮೇಲೆ ಕೈಯಡ್ಡ ಹಿಡಿದು ತಡೆದಳು. "ಇಲ್ಲ, ತಾಳು. ಅಮ್ಮ ಪ್ರತಿ ಬಾಗಿಲಲ್ಲೂ ನಿಲ್ಲೋಳು. ಆ ಓಣಿಯಲ್ಲಿ ಅವಳನ್ನ ಅರಿಯದವರೇ ಇರಲಿಲ್ಲ, ಎಲ್ಲರನ್ನೂ ಮಾತಾಡಿಸದೆ ಮುಂದೆ ಹೆಜ್ಜೆ ಇಡ್ತಿರಲಿಲ್ಲ. ನಲವತ್ತು ನಿಮಿಷ ಅಂತ ಬರಿ."

ಸುಗಂಧಿ ನಲವತ್ತು ಎಂದು ಬರೆದು, ಕಾರ್ಡನ್ನು ನಗರದ ಪಟ್ಟಿಗೆ ಸೇರಿಸಿದಳು. ಮೊತ್ತ ಸಾವಿರದ ಮುನ್ನೂರ ಐವತ್ತೊಂದಾಯಿತು.